ಬೋರ್‌ವೆಲ್ ನೀರಿನಲ್ಲಿ ಶೇವಿಂಗ್ ನೊರೆ: ಗಟ್ಟಿ ಸೋಪು, ಟ್ಯೂಬಿನ ಕ್ರೀಮು, ಡಬ್ಬಿಯ ಫೋಮ್

ಸೇಫ್ಟಿ ರೇಜರ್ ಬಳಸುವವರ ಮಾತು ಬಹುಮಟ್ಟಿಗೆ ರೇಜರಿನ ತೂಕ ಮತ್ತು ಬ್ಲೇಡಿನ ಹರಿತದ ಸುತ್ತಲೇ ತಿರುಗುತ್ತದೆ. ಕಿಂಗ್ ಜಿಲೆಟ್ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ, ಬ್ಲೇಡನ್ನು ಮಾತ್ರ ಬದಲಿಸುತ್ತ ಹೋಗಬಹುದಾದ ಆ ರೇಜರು ಮೂಲ ವಿನ್ಯಾಸದಲ್ಲಿ ಇಂದಿಗೂ ಹೆಚ್ಚು ಬದಲಾಗಿಲ್ಲ. ಆದ್ದರಿಂದ ಕೈ ಪಳಗಿದ ಮೇಲೆ ಒಂದು ಒಳ್ಳೆಯ ರೇಜರಿಗೂ ಇನ್ನೊಂದಕ್ಕೂ ಮುಖಕ್ಕೆ ತಿಳಿಯುವಂಥ ವ್ಯತ್ಯಾಸ ಅಲ್ಪವೇ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರನ್ನು ನೆಚ್ಚಿಕೊಂಡ ಮನೆಗಳಲ್ಲಿ ಕೆನ್ನೆ ನುಣುಪಾಗುವುದೋ ಉರಿಯುವುದೋ ಎಂಬುದನ್ನು ನಿರ್ಧರಿಸುವುದು ನೊರೆ. ಹೀಗಾಗಿ ರೇಜರನ್ನೂ ಬ್ಲೇಡಿನ ಬ್ರ್ಯಾಂಡನ್ನೂ ಬದಲಿಸದೆ, ಗಟ್ಟಿ ಶೇವಿಂಗ್ ಸೋಪು, ಟ್ಯೂಬಿನ ಕ್ರೀಮು ಮತ್ತು ಡಬ್ಬಿಯ ಫೋಮ್ ಮೂರನ್ನೂ ಬೋರ್‌ವೆಲ್ ನೀರಿನಲ್ಲಿಯೂ ಕಾವೇರಿ ನೀರಿನಲ್ಲಿಯೂ ಬಳಸಿ ನೋಡಿದ್ದೇನೆ.

ಕಾವೇರಿ ನೀರಿನಲ್ಲಿ ಗಟ್ಟಿ ಸೋಪಿಗೆ ಸಾಟಿಯಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪೈಪಿನಲ್ಲಿ ಬರುವ ಆ ನೀರಿನಲ್ಲಿ ಬ್ರಶ್ಶನ್ನು ನೆನೆಸಿ, ಹಿಂಡಿ, ಸೋಪಿನ ಬಿಲ್ಲೆಯ ಮೇಲೆ ಅರ್ಧ ನಿಮಿಷ ತಿರುಗಿಸಿದರೆ ಮೊದಲು ದೊಡ್ಡ ಗುಳ್ಳೆಗಳ ಹಗುರ ನೊರೆ ಬರುತ್ತದೆ. ಅದನ್ನು ಕೆನ್ನೆಯ ಮೇಲೆಯೇ ತೀಡುತ್ತ, ಬ್ರಶ್ಶಿನ ತುದಿಯನ್ನು ಆಗಾಗ ನೀರಿಗೆ ತಾಗಿಸುತ್ತ ಹೋದಂತೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ನೊರೆಯು ಕಡೆದ ಗಟ್ಟಿ ಮೊಸರಿನಂತೆ ಹೊಳಪೇರುತ್ತದೆ. ಇದರ ನಿಜವಾದ ಬೆಲೆ ತಿಳಿಯುವುದು ರೇಜರು ಒಮ್ಮೆ ಹಾದುಹೋದ ಮೇಲೆ: ನೊರೆ ಸರಿದ ಜಾಗದಲ್ಲಿಯೂ ಚರ್ಮದ ಮೇಲೆ ಜಾರುವ ಗುಣ ಉಳಿದಿರುವುದರಿಂದ, ಗದ್ದದ ಕೆಳಗೆ ಕೂದಲು ಅಡ್ಡಾದಿಡ್ಡಿಯಾಗಿ ಬೆಳೆಯುವ ಕಡೆ ಬ್ಲೇಡನ್ನು ಇನ್ನೊಮ್ಮೆ ಆಡಿಸಿದರೂ ಚರ್ಮ ತರಚುವುದಿಲ್ಲ.

ಇದೇ ಸೋಪು ಬೋರ್‌ವೆಲ್ ನೀರಿನಲ್ಲಿ ಬೇರೆಯೇ ವಸ್ತುವಾಗಿಬಿಡುತ್ತದೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಇಂಗಿ ತೆಳ್ಳನೆಯ ಬಿಳಿ ಪೊರೆಯಾಗಿರುತ್ತದೆ. ಸಿಂಕಿನ ಅಂಚಿನಲ್ಲಿ ತೊಳೆದರೂ ಹೋಗದ ಜಿಡ್ಡು ಕೂರುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಸೋಪಿನ ಕೊಬ್ಬಿನಾಮ್ಲಗಳೊಡನೆ ಸೇರಿ ಕರಗದ ಮಡ್ಡಿಯಾಗುವುದೇ ಇದಕ್ಕೆ ಕಾರಣ. ನೊರೆಯಾಗಬೇಕಾದ ಸೋಪಿನ ಒಂದು ಪಾಲು ನೀರಿನ ಗಡಸುತನವನ್ನು ತೀರಿಸುವುದಕ್ಕೇ ಖರ್ಚಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 600 ಮಿ.ಗ್ರಾಂವರೆಗೆ ಸಹಿಸಬಹುದೆಂದು ಅದು ಹೇಳುತ್ತದೆ. ಕುಡಿಯಲು ಒಗ್ಗುವ ನೀರು ಸೋಪಿಗೆ ಒಗ್ಗಲೇಬೇಕೆಂದೇನೂ ಇಲ್ಲ. ಬಿಲ್ಲೆಯ ಮೇಲೆ ಬ್ರಶ್ಶನ್ನು ಇಮ್ಮಡಿ ಹೊತ್ತು ತಿರುಗಿಸಿ ಸೋಪು ಹೆಚ್ಚಿಸಿದರೆ ನೊರೆ ಒಂದಷ್ಟು ಸುಧಾರಿಸುತ್ತದೆ, ಆದರೆ ಬಿಲ್ಲೆಯೂ ಅಷ್ಟೇ ಬೇಗ ಸವೆಯುತ್ತದೆ.

ಕ್ರೀಮು ಗೆಲ್ಲುವುದು ಇಲ್ಲಿಯೇ. ಗಟ್ಟಿ ಬಿಲ್ಲೆಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಬಗೆಯ ಸೋಪು ಬೆರೆತಿರುವುದು ಸಾಮಾನ್ಯ. ಕ್ರೀಮುಗಳಲ್ಲಿ ಮೆತ್ತಗಿದ್ದು ಬೇಗ ಕರಗುವ ಪೊಟ್ಯಾಸಿಯಂ ಸೋಪಿನದೇ ಮೇಲುಗೈ. ಜೊತೆಗೆ ಗ್ಲಿಸರಿನ್ ಇರುತ್ತದೆ. ಹಲವು ಕ್ರೀಮುಗಳಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಡಿಟಿಎ ಕೂಡ ಇರುತ್ತದೆ. ಟ್ಯೂಬಿನ ಹಿಂಬದಿಯ ಸಣ್ಣಕ್ಷರದಲ್ಲಿ ಆ ಹೆಸರಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕಡಲೆಕಾಳಿನಷ್ಟು ಕ್ರೀಮನ್ನು ನೇರವಾಗಿ ಕೆನ್ನೆಗೆ ಹಚ್ಚಿ, ಒದ್ದೆ ಬ್ರಶ್ಶಿನಿಂದ ತೀಡಿದರೆ ಗಡಸು ನೀರಿನಲ್ಲಿಯೂ ಒಂದು ಸುತ್ತು ಮುಗಿಯುವವರೆಗೆ ನೊರೆ ನಿಲ್ಲುತ್ತದೆ. ಆದರೂ ಕಾವೇರಿ ನೀರಿನ ಸೋಪು ಉಳಿಸಿಹೋಗುವ ಜಾರುವಿಕೆ ಇದರಲ್ಲಿಲ್ಲವಾದ್ದರಿಂದ ಎರಡನೆಯ ಸುತ್ತಿಗೆ ಮತ್ತೆ ನೊರೆ ಹಚ್ಚಲೇಬೇಕು. ಸೋಪಿನ ವಿಷಯದಲ್ಲಿ ಇನ್ನೊಂದು ಮಾತು: ಪ್ರಾಣಿಜನ್ಯ ವಸ್ತು ಬಳಸದವರು, ಹೊರದೇಶದ ಕೆಲವು ಹಳೆಯ ಬಗೆಯ ಸೋಪುಗಳಲ್ಲಿ ದನದ ಕೊಬ್ಬು ಇರುತ್ತದೆಂಬುದನ್ನು ಗಮನಿಸಬೇಕು, ಸಸ್ಯಜನ್ಯ ಎಣ್ಣೆಯ ಸೋಪುಗಳೂ ಧಾರಾಳವಾಗಿ ಸಿಗುತ್ತವೆ.

ಡಬ್ಬಿಯ ಫೋಮಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನೊರೆಯಾಗಲು ಅದಕ್ಕೆ ನಿಮ್ಮ ಮನೆಯ ನೀರು ಬೇಡ, ಒತ್ತಡದಲ್ಲಿ ತುಂಬಿದ ಅನಿಲವೇ ಅದನ್ನು ಉಬ್ಬಿಸುತ್ತದೆ. ಆದ್ದರಿಂದ ಎರಡೂ ನೀರಿನಲ್ಲಿ ಒಂದೇ ಬಗೆಯಾಗಿ ವರ್ತಿಸುತ್ತದೆ. ಆದರೆ ಬ್ರಶ್ಶು ಕೂದಲಿನ ಬುಡಕ್ಕೆ ನೀರನ್ನು ಇಳಿಸುವಂತೆ ಫೋಮ್ ಇಳಿಸಲಾರದು. ನೀರು ಕುಡಿದ ಗಡ್ಡದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಫೋಮಿನ ಅಡಿಯಲ್ಲಿ ಬ್ಲೇಡು ಎಳೆದಂತೆ ಭಾಸವಾದರೆ ಬ್ಲೇಡನ್ನು ದೂರಿ ಪ್ರಯೋಜನವಿಲ್ಲ. ಪ್ರಯಾಣಕ್ಕಷ್ಟೇ ಅದು ಸರಿ, ಅದೂ ವಿಮಾನದ ಕೈಚೀಲದ ಮಿತಿಯನ್ನು ನೆನಪಿಟ್ಟುಕೊಂಡರೆ.

ಬ್ರಶ್ಶುಗಳಲ್ಲಿ ಹಂದಿ ಕೂದಲಿನದು ಅಗ್ಗ ಮತ್ತು ಬಿರುಸು; ಕೆಲವು ನಿಮಿಷ ನೆನೆಯಬೇಕು, ಬಳಸಿದಷ್ಟೂ ತುದಿಗಳು ಸೀಳಿ ಮೆತ್ತಗಾಗುತ್ತವೆ. ಗಟ್ಟಿ ಸೋಪನ್ನು ಬಿಲ್ಲೆಯಿಂದ ಎಬ್ಬಿಸಲು ಅದರ ಬಿರುಸೇ ಬೇಕು. ಸಿಂಥೆಟಿಕ್ ಬ್ರಶ್ಶು ನೀರನ್ನು ಹೀರುವುದಿಲ್ಲ, ನೆನೆಸುವ ಗೊಡವೆಯಿಲ್ಲ, ಬೇಗ ಒಣಗುತ್ತದೆ. ಕ್ರೀಮಿಗೆ ಇದೇ ಜೋಡಿ. ಬ್ಯಾಡ್ಜರ್ ಕೂದಲಿನ ಬ್ರಶ್ಶು ಮೃದುವೇನೋ ಹೌದು, ಆದರೆ ಅದಕ್ಕೆ ಕೇಳುವ ಬೆಲೆಗೆ ತಕ್ಕ ಸುಖವನ್ನು ನಾನಂತೂ ಕಾಣಲಿಲ್ಲ.

ಬೋರ್‌ವೆಲ್ ಮನೆಯಲ್ಲಿಯೂ ಸೋಪನ್ನೇ ಬಯಸುವವರಿಗೆ ಒಂದು ದಾರಿಯಿದೆ. ನೊರೆಗೆ ಬೇಕಾಗುವುದು ಒಂದು ಲೋಟ ನೀರು ಮಾತ್ರ. ಅಷ್ಟನ್ನು ಅಡುಗೆಮನೆಯ ಆರ್‌ಒ ನಲ್ಲಿಯಿಂದ ಹಿಡಿದು ಬಿಸಿ ಮಾಡಿಕೊಂಡರೆ ಅದೇ ಸೋಪು ಕಾವೇರಿ ನೀರಿನಲ್ಲಿ ಬರುವಂಥ ನೊರೆಯನ್ನೇ ಕೊಡುತ್ತದೆ. ರಜೆಯ ದಿನಗಳಲ್ಲಿ ನಾನು ಮಾಡುವುದು ಹೀಗೆ, ಕೆಲಸದ ದಿನ ಕ್ರೀಮು ಮತ್ತು ಸಿಂಥೆಟಿಕ್ ಬ್ರಶ್ಶು. ಕೊನೆಯಲ್ಲಿ ಬ್ರಶ್ಶನ್ನು ನಲ್ಲಿಯ ಗಡಸು ನೀರಿನಲ್ಲಿಯೇ ತೊಳೆಯುವವರು ಅದರ ಬುಡದಲ್ಲಿ ಸೇರುವ ಮಡ್ಡಿಯನ್ನು ಮರೆಯಬಾರದು. ಆಗಾಗ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿಟ್ಟು ಚೆನ್ನಾಗಿ ಜಾಲಿಸಿದರೆ ಕೂದಲು ಮತ್ತೆ ಬಿಡಿಬಿಡಿಯಾಗುತ್ತದೆ.