ಬಿಎಲ್‌ಡಿಸಿ ಫ್ಯಾನ್, ಕೂಲರ್, ಎಸಿ: ನನ್ನ ಓಟು ಫ್ಯಾನಿಗೇ

ಮೊದಲೇ ಹೇಳಿಬಿಡುತ್ತೇನೆ, ನಾನು ಫ್ಯಾನಿನ ಪಕ್ಷ. ನಮ್ಮ ಮನೆಯಲ್ಲಿ ಈಗ ಮೂರೂ ಇವೆ. ಮಲಗುವ ಕೋಣೆಯಲ್ಲಿ ಇನ್ವರ್ಟರ್ ಎಸಿ, ಮೂಲೆ ಸೇರಿದ ಒಂದು ಕೂಲರ್, ಹಾಲಿನಲ್ಲೂ ಕೋಣೆಯಲ್ಲೂ ಬಿಎಲ್‌ಡಿಸಿ ಫ್ಯಾನ್, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟರಿನ, ಕಮ್ಮಿ ಕರೆಂಟ್ ತಿನ್ನುವ ಹೊಸ ಬಗೆಯ ಫ್ಯಾನ್. ಕರೆಂಟ್ ಬಿಲ್ ಇಳಿಸಬೇಕು ಅಂತ ಯಾರಾದರೂ ಕೇಳಿದರೆ, ಮೊದಲು ಹಳೇ ಫ್ಯಾನ್ ಇಳಿಸಿ ಅಂತಲೇ ಹೇಳುತ್ತೇನೆ.

ಲೆಕ್ಕ ಸುಲಭ. ಹಳೇ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿಗೆ 30ರ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ಅದು 0.9 ಯೂನಿಟ್, ಇದು 0.36. ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯಿತು. ಹಳೇ ಫ್ಯಾನನ್ನು ಹಗಲಿಡೀ ಓಡಿಸಿ, ಆರಿಸಿ, ಮೋಟರಿನ ಮೇಲೆ ಕೈ ಇಟ್ಟು ನೋಡಿ. ಬಿಸಿ ತಾಗುತ್ತದೆ. ದುಡ್ಡು ಕೊಟ್ಟ ಕರೆಂಟು ಹಾಗೆ ಸುಮ್ನೆ ಶಾಖವಾಗಿ ಹೋಗಿದೆ. ಹೊಸದರಲ್ಲಿ ಕಾಯಂ ಅಯಸ್ಕಾಂತ ಇರುವುದರಿಂದ ಈ ನಷ್ಟ ತುಂಬಾ ಕಮ್ಮಿ.

ಇನ್ನು ಇದರ ತಲೆನೋವು. ಅದು ಫ್ಯಾನಿನಲ್ಲಿ ಇರಲಿಲ್ಲ, ಗೋಡೆಯ ಮೇಲಿತ್ತು. ಬಿಎಲ್‌ಡಿಸಿ ಫ್ಯಾನಿನೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ವೇಗ ನೋಡಿಕೊಳ್ಳುವುದು ಅದೇ. ಗೋಡೆಯ ಹಳೇ ರೆಗ್ಯುಲೇಟರ್ ಕರೆಂಟನ್ನು ಕತ್ತರಿಸಿಯೋ ತಗ್ಗಿಸಿಯೋ ಕೊಡುತ್ತದೆ. ಇಬ್ಬರಿಗೂ ಆಗಿಬರುವುದಿಲ್ಲ. ರೆಗ್ಯುಲೇಟರ್ ತೆಗೆದು ನೇರ ಲೈನ್ ಕೊಡಬೇಕು. ಫಿಟ್ ಮಾಡಲು ಬಂದ ಎಲೆಕ್ಟ್ರಿಷಿಯನ್ ಮಾತ್ರ "ಇರಲಿ ಬಿಡಿ ಸಾರ್, ಫುಲ್‌ನಲ್ಲಿ ಇಟ್ಟರೆ ಏನೂ ಆಗಲ್ಲ" ಅಂತ ಅದನ್ನು ಹಾಗೇ ಬಿಟ್ಟು ಹೋದರು.

ನಮ್ಮಪ್ಪನ ಕೈ ಸುಮ್ಮನಿರಬೇಕಲ್ಲ! ಬೆಳಗಿನ ಜಾವ ಚಳಿ ಅನ್ನಿಸಿದರೆ ಎದ್ದು ಹೋಗಿ ಆ ತಿರುಪನ್ನು ಎರಡಕ್ಕೆ ತಿರುಗಿಸುವುದು ಅವರ ಎಷ್ಟೋ ವರ್ಷದ ಅಭ್ಯಾಸ. ತಿರುಗಿಸಿದ ಕೂಡಲೇ ಫ್ಯಾನ್ 'ಬೀಪ್' ಅಂತ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಹೊರಡುತ್ತಿತ್ತು, ಮತ್ತೆ 'ಬೀಪ್'. ಮನೆಯವರೆಲ್ಲ ಎದ್ದು ಕೂರುತ್ತಿದ್ದೆವು. ಫ್ಯಾನೇ ಡಬ್ಬಾ ಅಂತ ವಾಪಸ್ ಕೊಡುವ ಮಾತೂ ಬಂತು. ಕೊನೆಗೆ ಬೇರೊಬ್ಬರು ಬಂದು ರೆಗ್ಯುಲೇಟರ್ ಕಿತ್ತು, ಎರಡು ವೈರ್ ಸೇರಿಸಿ, ಆ ಜಾಗಕ್ಕೆ ಖಾಲಿ ಪ್ಲೇಟ್ ಬಡಿದು ಹೋದರು. ಹತ್ತೇ ನಿಮಿಷದ ಕೆಲಸ.

ಅಲ್ಲಿಗೆ ರಗಳೆ ಮುಗಿಯಿತಾ ಅಂದರೆ, ಇಲ್ಲ. ಈಗ ಎಲ್ಲಕ್ಕೂ ರಿಮೋಟ್. ಅದು ದಿಂಬಿನ ಕೆಳಗೆ, ಸೋಫಾ ಸಂದಿಯಲ್ಲಿ, ಒಮ್ಮೆ ಒಗೆಯುವ ಬಟ್ಟೆಯ ರಾಶಿಯಲ್ಲೂ ಸಿಕ್ಕಿತು. ಅಪ್ಪ ಅದನ್ನು ಮುಟ್ಟುವುದೂ ಇಲ್ಲ. ಅವರ ಕೋಣೆಗೆ ಆಮೇಲೆ ಗೋಡೆಯ ತಿರುಪಿನಿಂದಲೇ ನಡೆಯುವ ಬಿಎಲ್‌ಡಿಸಿ ತಂದೆವು. ಅಂಥವೂ ಸಿಗುತ್ತವೆ, ಕೇಳಿ ತರಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಕಣ್ಣುಮುಚ್ಚಿ ಅದನ್ನೇ ತನ್ನಿ.

ಕೂಲರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಸೆಖೆಯಲ್ಲಿ ನಿಜಕ್ಕೂ ಚೆನ್ನಾಗಿದೆ, ಕರೆಂಟೂ ಎಸಿಯ ಮುಂದೆ ಏನೇನೂ ಅಲ್ಲ. ಆದರೆ ನೀರು ಆವಿಯಾದರೆ ತಾನೇ ತಂಪು? ಮಳೆಗಾಲ ಹತ್ತಿರ ಬಂದು ಗಾಳಿಯಲ್ಲಿ ತೇವ ಏರಿದ ಮೇಲೆ ಮೈಯೆಲ್ಲ ಅಂಟಂಟು. ಕಿಟಕಿ ತೆಗೆದಿಡಲೇಬೇಕು, ಸೊಳ್ಳೆ ಬಂದರೂ. ನೀರು ತುಂಬುವುದು, ಪ್ಯಾಡ್ ತೊಳೆಯುವುದು ಬೇರೆ.

ಎಸಿಗೆ ಬದಲಿ ಇಲ್ಲ, ಒಪ್ಪುತ್ತೇನೆ. ಕೋಣೆಯ ಗಾಳಿಯನ್ನು ತಣ್ಣಗೆ ಮಾಡುತ್ತಲೇ ತೇವವನ್ನೂ ಹೀರುವುದು ಅದೊಂದೇ. ಆದರೆ ಒಂದೂವರೆ ಟನ್ನಿನ ಎಸಿ ಫುಲ್ ಲೋಡಿನಲ್ಲಿ ಸುಮಾರು 1500 ವ್ಯಾಟ್ ತಿನ್ನುತ್ತದೆ. ಅಷ್ಟರಲ್ಲಿ 50 ಬಿಎಲ್‌ಡಿಸಿ ಫ್ಯಾನ್ ತಿರುಗುತ್ತವೆ. ಇನ್ವರ್ಟರ್ ಎಸಿ ಕೋಣೆ ತಣ್ಣಗಾದ ಮೇಲೆ ನಿಧಾನಕ್ಕಿಳಿಯುತ್ತದೆ, ನಿಜ. ನಾವೇ 18ಕ್ಕಿಟ್ಟು ಕಂಬಳಿ ಹೊದ್ದರೆ ಅದಕ್ಕೆ ಇಳಿಯಲು ಬಿಡುವೆಲ್ಲಿ? 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುವುದೂ ಭ್ರಮೆ. ನಾವೀಗ 27ಕ್ಕೆ ಇಟ್ಟು ಮೇಲೆ ಫ್ಯಾನನ್ನು ಎರಡರಲ್ಲಿ ಬಿಡುತ್ತೇವೆ. ಮೈಗೆ ಗಾಳಿ ತಾಗುವುದರಿಂದ ಅಷ್ಟೇ ಹಿತ.

ಒಂದು ಮಾತು, ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ನಮ್ಮ ಮೈಯ ಬೆವರನ್ನು ಆರಿಸುತ್ತದೆ. ಯಾರೂ ಇಲ್ಲದ ಹಾಲಿನಲ್ಲಿ ಅದು ತಿರುಗುತ್ತಿದ್ದರೆ ಬಿಎಲ್‌ಡಿಸಿ ಆದರೂ ದಂಡವೇ.

ನಮ್ಮ ಮನೆಯಲ್ಲಿ ಹಗಲಿಡೀ ಯಾರಾದರೂ ಇರುತ್ತಾರೆ, ಫ್ಯಾನ್ ನಿಲ್ಲುವುದೇ ಅಪರೂಪ. ಹಾಗಾಗಿ ಬದಲಾಯಿಸಿದ್ದಕ್ಕೆ ಪೂರ್ತಿ ಲಾಭ ಸಿಕ್ಕಿತು. ಕರೆಂಟ್ ಹೋದಾಗ ಬ್ಯಾಟರಿಯ ಮೇಲೂ ಜಾಸ್ತಿ ಹೊತ್ತು ಓಡುತ್ತದೆ, ಹಳೆಯದರ ಗುಂಯ್ ಸದ್ದೂ ಇಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರುವ ಮನೆಯಾದರೆ ಇಷ್ಟು ಬೇಗ ದುಡ್ಡು ಹುಟ್ಟುವುದಿಲ್ಲ. ಅಂಥವರು ಎಲ್ಲ ಕೋಣೆಗೂ ಒಟ್ಟಿಗೆ ತರುವುದು ಬೇಡ. ಮಲಗುವ ಕೋಣೆಗೆ ಒಂದು ಹಾಕಿ ನೋಡಿ, ಉಳಿದವು ಕೆಟ್ಟಾಗ ಬದಲಾಯಿಸಿದರಾಯಿತು. ತರುವ ಮುಂಚೆ ಅಂಗಡಿಯಲ್ಲಿ ಎರಡೇ ಕೇಳಿ: ರಿಮೋಟ್ ಕಳೆದುಹೋದರೆ ಬೇರೆ ಸಿಗುತ್ತದಾ, ಬೋರ್ಡ್ ಸುಟ್ಟರೆ ವಾರಂಟಿಯಲ್ಲಿ ಬರುತ್ತದಾ.