ಲ್ಯಾಮಿಂಗ್ಟನ್ ರೋಡಿನ ಮೊಬೈಲ್ ಅಂಗಡಿ: ‘ಆಗಂಗಿಲ್ರೀ’ ಅಂದಿದ್ದಕ್ಕೆ ನಾಲ್ಕು ಸ್ಟಾರ್

ಫಾರಿನ್‌ನಿಂದ ಬಂದ ಫೋನಿಗೆ ಇಲ್ಲಿನ ಸಿಮ್ ಹಿಡಿಯುತ್ತಿಲ್ಲ, ಮುಂಬೈಯಲ್ಲಿ ಯಾರಿಗೆ ತೋರಿಸೋದು? ಡೊಂಬಿವಲಿಯಲ್ಲಿ ನಮ್ಮ ಕ್ಯಾಟರಿಂಗ್ ಬಳಗದವರು ಆಗಾಗ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆಯಿರಿ. ಕಂಪ್ಯೂಟರ್, ಕೇಬಲ್, ಸಿಸಿಟಿವಿ ಅಂಗಡಿಗಳ ಸಾಲಿನಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಇದೆ. ನಮ್ಮ ಟೆಂಪೋದ ಹಿಂಬಾಗಿಲಿನಷ್ಟೇ ಅಗಲ. ಹೆಸರು ಹಾಕುವುದಿಲ್ಲ. ಅಂಗಡಿಯವರೇ ಬೇಡ ಅಂದರು. “ಹೆಸ್ರು ಹಾಕಿದ್ರ ಕದ್ದ ಫೋನ್ ತಗೊಂಡು ಬರವ್ರೇ ಜಾಸ್ತಿ ಆಗ್ತಾರ್ರೀ ಅಣ್ಣಾರ” ಅಂದರು. ಕಲಬುರಗಿ ಕಡೆಯವರು. ನಾನು ಬೈಂದೂರಿನವನು, ಇಬ್ಬರ ಕನ್ನಡಕ್ಕೂ ಅಜಗಜಾಂತರ. ಆದರೂ ಆ ಗಲಾಟೆ ರೋಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಅರ್ಧ ಟೆನ್ಶನ್ ಇಳಿಯುತ್ತೆ ಅಲ್ವಾ. ಅಂಗಡಿಯ ಗುರುತು ಹೇಳುತ್ತೇನೆ: ಗಾಜಿನ ಮೇಲೆ ಕೆಂಪು ಮಾರ್ಕರಿನಲ್ಲಿ ಹಿಂದಿಯಲ್ಲಿ ಬರೆದು ಅಂಟಿಸಿದ್ದಾರೆ, ‘ಐಎಂಇಐ ಬದಲಾಯಿಸುವುದಿಲ್ಲ, ಕೇಳಲೂಬೇಡಿ’ ಅಂತ. ಐಎಂಇಐ ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರು.

ಫೋನು ನನ್ನ ತಮ್ಮನದು. ಐಫೋನ್ 13. ನಮ್ಮ ಅಕ್ಕನ ಮಗ ಟೆಕ್ಸಾಸಿನಲ್ಲಿದ್ದಾನೆ. ಅವನು ಹೊಸದು ತಗೊಂಡು, ಹಳೆಯದನ್ನು ಭಾವನ ಕೈಯಲ್ಲಿ ಮಾವನಿಗೆ ಅಂತ ಕಳಿಸಿದ. ಇಲ್ಲಿನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’. ಫೋನ್ ಕೊಟ್ಟ ಅಲ್ಲಿನ ಟೆಲಿಕಾಂ ಕಂಪನಿ, ತನ್ನ ಸಿಮ್ ಬಿಟ್ಟು ಬೇರೆ ಹಿಡಿಯದಂತೆ ಲಾಕ್ ಹಾಕಿತ್ತು. ತಮ್ಮ ಅದನ್ನು ಉಪನಗರದ ಒಂದು ಮೊಬೈಲ್ ಮಾರ್ಕೆಟಿಗೆ ಒಯ್ದ. ಅಲ್ಲಿ ಒಬ್ಬ 2,500 ರೂಪಾಯಿ ತಗೊಂಡು ಹತ್ತು ನಿಮಿಷದಲ್ಲಿ ‘ಲೈಫ್‌ಟೈಮ್ ಅನ್‌ಲಾಕ್’ ಮಾಡಿಕೊಟ್ಟ. ಬಿಲ್ ಕೇಳಿದರೆ “ಇದಕ್ಕೆಲ್ಲಾ ಬಿಲ್ ಇರಲ್ಲ ಸೇಠ್” ಅಂದನಂತೆ.

ಆ ಲೈಫ್‌ಟೈಮ್ ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ತನಕ ಬಾಳಿತು. ನೆಟ್‌ವರ್ಕ್ ಹೋದದ್ದು ಒಂದು ಸೀಮಂತದ ಆರ್ಡರಿನ ದಿನ. ಹೋಳಿಗೆ ತುಂಬಿದ ಟೆಂಪೋ ಕಲ್ಯಾಣದಲ್ಲಿ, ಹಾಲ್ ಠಾಣೆಯಲ್ಲಿ, ಡ್ರೈವರ್ ತಮ್ಮನಿಗೆ ಫೋನ್ ಮಾಡಿ ಮಾಡಿ ಸುಸ್ತು. ತಿರುಗಿ ಹೋಗಿ ಕೇಳಿದರೆ ಮಾರ್ಕೆಟಿನವನದೇ ದಬಾವಣೆ: ಅಪ್‌ಡೇಟ್ ಯಾಕೆ ಮಾಡಿದ್ರಿ?

ಲ್ಯಾಮಿಂಗ್ಟನ್ ರೋಡಿನಲ್ಲಿ ನಮ್ಮ ಕಲಬುರಗಿಯವರು ಫೋನ್ ಆನ್ ಮಾಡುವ ಮೊದಲೇ ಸಿಮ್ ಟ್ರೇ ಎಳೆದು ನೋಡಿದರು. ಅರ್ಧಕ್ಕೇ ನಿಂತಿತು. ಹಣೆಗೆ ಲೆನ್ಸ್ ಕಟ್ಟಿಕೊಂಡು, ಸಂದಿಗೆ ಸಪೂರ ಚಿಮುಟ ತೂರಿಸಿ, ಉಸಿರು ಬಿಗಿಹಿಡಿದು ಎಳೆದರು. ಟ್ರೇ ಜೊತೆಗೆ ಸಿಮ್ ಬಂತು. ಸಿಮ್ಮಿನ ಬೆನ್ನಿಗೆ ಅಂಟಿಕೊಂಡ ಇನ್ನೊಂದು ತೆಳ್ಳಗಿನ ಹಾಳೆ. ಅದಕ್ಕೂ ಚಿನ್ನದ ಬಣ್ಣದ ಚೌಕಗಳು, ನಡುವೆ ಕಡ್ಡಿತಲೆಗಿಂತ ಸಣ್ಣ ಕಪ್ಪು ಚಿಪ್. ಒಂದು ಮೂಲೆ ಎದ್ದು ಮಡಚಿ, ಒಳಗೆ ಸಿಕ್ಕಿಕೊಂಡಿತ್ತು. ಮೇಜಿನ ಬಿಳಿ ಕಾಗದದ ಮೇಲೆ ಇಟ್ಟು ತೋರಿಸಿ, “ನೋಡ್ರಿ, 2,500 ರೂಪಾಯಿ ಇಲ್ಲೈತಿ” ಅಂದರು.

ಅದರ ಕೆಲಸ ಇಷ್ಟೇ. ಸಿಮ್ ಮತ್ತು ಫೋನಿನ ಮಧ್ಯೆ ಕೂತು, ಇದು ಅಮೆರಿಕದ ಅದೇ ಕಂಪನಿಯ ಸಿಮ್ ಅಂತ ಫೋನಿಗೆ ಸುಳ್ಳು ಹೇಳುವುದು. ಲಾಕ್ ಇದ್ದಲ್ಲೇ ಇರುತ್ತದೆ. ಒಂದು ಅಪ್‌ಡೇಟಿನಲ್ಲಿ ಆ ಸುಳ್ಳು ಗೊತ್ತಾದರೆ ಆಟ ಮುಗೀತು. ಅಮೆರಿಕದ ಐಫೋನ್ 14ರಿಂದ ಈಚೆಗೆ ಸಿಮ್ ಟ್ರೇನೇ ಇಲ್ಲ, ಬರೀ ಇ-ಸಿಮ್. ಅಲ್ಲಿ ಈ ಚಿಪ್ ಇಡೋಕೆ ಜಾಗವೇ ಇಲ್ಲ.

ಆಮೇಲೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಅಂತ ಹೋಗಿ ಕೆಳಗೆ ಎಳೆದರು. ‘ಕ್ಯಾರಿಯರ್ ಲಾಕ್’ ಅನ್ನುವ ಸಾಲಿನ ಎದುರು ‘ಸಿಮ್ ಲಾಕ್ಡ್’ ಅಂತಿತ್ತು. “ಅಣ್ಣಾರ, ಇದು ಇಲ್ಲಿ ತೆಗ್ಯಾಕ ಆಗಂಗಿಲ್ರೀ. ಹಾಕ್ದವ್ರೇ ತೆಗೀಬೇಕು.” ಬೀಗ ಫೋನಿನೊಳಗೆ ಮಾತ್ರ ಇಲ್ಲ. ಆ ಐಎಂಇಐ ನಂಬರಿನ ಮುಂದೆ ಆಪಲ್‌ನ ಸರ್ವರಿನಲ್ಲಿ ಬರೆದಿರುತ್ತದೆ. ಅದನ್ನು ಬದಲಿಸಲು ಹೇಳಬಲ್ಲದ್ದು ಲಾಕ್ ಹಾಕಿದ ಟೆಲಿಕಾಂ ಕಂಪನಿ ಮಾತ್ರ. ರೀಸೆಟ್ ಹೊಡೆದರೂ ಹೋಗುವುದಿಲ್ಲ.

ಅದಕ್ಕೂ ಮುಂಚೆ ಅವರು ಇನ್ನೊಂದು ಕೆಲಸ ಮಾಡಿದ್ದರು. *#06# ಒತ್ತಿ ಐಎಂಇಐ ತೆಗೆದು, ನನ್ನ ಮುಂದೆಯೇ 14422ಕ್ಕೆ ‘KYM’ ಜೊತೆ ಆ ನಂಬರು ಸೇರಿಸಿ ಮೆಸೇಜ್ ಹಾಕಿಸಿದರು. ಫೋನು ಬ್ಲಾಕ್ ಆಗಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲೂ ಇದನ್ನೇ ನೋಡಬಹುದು. ಬ್ಲಾಕ್ ಆದ ಫೋನಾದರೆ ಮುಟ್ಟುವುದಿಲ್ಲವಂತೆ. ಐಎಂಇಐ ತಿದ್ದಿದರೆ 2023ರ ಟೆಲಿಕಾಂ ಕಾಯಿದೆಯಲ್ಲಿ 3 ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ಕೆಂಪು ಮಾರ್ಕರಿನ ಕಥೆ ಅದು. ಜೊತೆಗೆ ಒಂದು ವಿಷಯ ಬಿಡಿಸಿ ಹೇಳಿದರು, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕಂಪನಿಯ ಸಿಮ್ ಲಾಕ್ ಬೇರೆ, ಹಳೆ ಓನರಿನ ಐಕ್ಲೌಡ್ ಲಾಕ್ (ಅವರ ಆಪಲ್ ಪಾಸ್‌ವರ್ಡ್ ಕೇಳುವುದು) ಬೇರೆ, ಕಳವಾಗಿದೆ ಅಂತ ಬ್ಲಾಕ್ ಮಾಡಿದ್ದು ಬೇರೆ. ಮೂರಕ್ಕೂ ಜನ ‘ಅನ್‌ಲಾಕ್’ ಅಂತಲೇ ಕೇಳಿಕೊಂಡು ಬರುತ್ತಾರೆ.

“ಯಾರ ಹೆಸ್ರಿಗೆ ಐತಿ ಫೋನು? ಅವ್ರಿಗೆ ಫೋನ್ ಹಚ್ರಿ” ಅಂದರು. ಇಲ್ಲಿ ಬೆಳಿಗ್ಗೆ ಹನ್ನೊಂದು, ಟೆಕ್ಸಾಸಿನಲ್ಲಿ ನಡುರಾತ್ರಿ. ಪುಣ್ಯಕ್ಕೆ ಹುಡುಗ ಎದ್ದಿದ್ದ. ಕೇಳಿದರೆ, ಫೋನಿನ ಕೊನೆಯ ಕೆಲವು ಕಂತು ಇನ್ನೂ ಬಾಕಿ! ಕಂತು ಮುಗಿಯದೆ ಅಲ್ಲಿನ ಕಂಪನಿ ಬೀಗ ತೆಗೆಯುವುದಿಲ್ಲ. ಪಾಪ, ಅವನಿಗೆ ಅದು ತಲೆಗೇ ಹೋಗಿರಲಿಲ್ಲ. ಬಾಕಿ ಕಟ್ಟಿ, ಕಂಪನಿಯ ಸೈಟಿನಲ್ಲಿ ಐಎಂಇಐ ಹಾಕಿ ಅರ್ಜಿ ಕೊಟ್ಟ. ಅದಕ್ಕೆ ಫೀಸ್ ಇಲ್ಲ. ಒಪ್ಪಿಗೆಯ ಮೇಲ್ ಬಂದ ಮೇಲೆ ವೈಫೈಗೆ ಹಚ್ಚಿ ಇಲ್ಲಿನ ಸಿಮ್ ಹಾಕಿದೆವು. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಬಂತು. ಮುಗೀತು ಕೆಲಸ. ಅಂಗಡಿಯವರು ತಗೊಂಡದ್ದು ಚಿಪ್ ಬಿಡಿಸಿ ಟ್ರೇ ಸರಿಮಾಡಿದ್ದಕ್ಕೆ 300 ರೂಪಾಯಿ. ಕೇಳದೇ ಬಿಲ್ ಹರಿದುಕೊಟ್ಟರು. ಮೇಲೆ ಐಎಂಇಐ, ಕೆಳಗೆ ‘ಕ್ಯಾರಿಯರ್ ಲಾಕ್ ಇದೆ, ತೆಗೆದಿಲ್ಲ’ ಅಂತ ಬರಹದಲ್ಲಿ. ಆಗದ ಕೆಲಸವನ್ನು ಬಿಲ್ಲಿನಲ್ಲಿ ಬರೆದುಕೊಡುವ ಅಂಗಡಿಯನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮ ಧಂದೆಯಲ್ಲೂ ಹಾಗೆ ಬರೆಯುವ ಧೈರ್ಯ ಯಾರಿಗೂ ಇಲ್ಲ.

ಈ ಬೀಗದ ಜಗಳ ಅಮೆರಿಕದಲ್ಲೇ ದೊಡ್ಡದು. 1998ರ ಅಲ್ಲಿನ ಡಿಜಿಟಲ್ ಕಾಪಿರೈಟ್ ಕಾನೂನಿನಲ್ಲಿ ಸಾಫ್ಟ್‌ವೇರ್ ಬೀಗ ಮುರಿಯುವುದೇ ತಪ್ಪು. ಫೋನಿನ ಸಿಮ್ ಲಾಕೂ ಅದರಡಿ ಬಂತು. ಯಾವುದಕ್ಕೆ ವಿನಾಯಿತಿ ಅಂತ ಮೂರು ವರ್ಷಕ್ಕೊಮ್ಮೆ ತೀರ್ಮಾನಿಸುವವರು ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು. ಲೈಬ್ರರಿಗೂ ಸಿಮ್ಮಿಗೂ ಏನು ಸಂಬಂಧ ಅಂತ ಕೇಳಬೇಡಿ, ಕಾಪಿರೈಟ್ ಆಫೀಸ್ ಅಲ್ಲೇ ಇರುವುದು. 2006ರಿಂದ ಫೋನ್ ಅನ್‌ಲಾಕಿಗೆ ವಿನಾಯಿತಿ ಇತ್ತು. 2012ರಲ್ಲಿ ಹೊಸ ಫೋನುಗಳಿಗೆ ಅದನ್ನು ತೆಗೆದರು. 2013ರ ಜನವರಿ 26ರಿಂದ, ಅಂದರೆ ನಾವು ಇಲ್ಲಿ ಧ್ವಜ ಹಾರಿಸುವ ದಿನದಿಂದ, ಅಲ್ಲಿ ಹೊಸ ಫೋನಿನ ಬೀಗವನ್ನು ಕಂಪನಿ ಒಪ್ಪದೆ ತೆಗೆದರೆ ಕಾನೂನುಬಾಹಿರ. ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಶ್ವೇತಭವನಕ್ಕೆ ಮನವಿ ಕೊಟ್ಟರು. ಕೊನೆಗೆ 2014ರ ಆಗಸ್ಟ್ 1ರಂದು ಒಬಾಮ ಹೊಸ ಕಾನೂನಿಗೆ ಸಹಿ ಹಾಕಿದ ಮೇಲೆ ಆ ಹಕ್ಕು ವಾಪಸ್ ಬಂತು. ಆದರೂ ಕಂತು ಬಾಕಿ ಇದ್ದರೆ ಕಂಪನಿ ತೆಗೆದುಕೊಡಬೇಕೆಂದೇನೂ ಇಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಬೀಗವಿಲ್ಲದೆಯೇ ಕೊಡಬೇಕು, ಹಳೆಯದಕ್ಕೂ ಫೀಸ್ ಕೇಳುವಂತಿಲ್ಲ. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಹಾಕಿದ ಫೋನ್ ಮಾರುವಂತಿಲ್ಲ. ಹಾಗಾಗಿ ಲಂಡನ್ನಿನ ನೆಂಟರು ಹೊಸ ಫೋನ್ ತಂದರೆ ಅಷ್ಟು ತಲೆಬಿಸಿ ಇಲ್ಲ.

ನಮ್ಮಲ್ಲೂ ಇದು ಇತ್ತು, ನೆನಪಿದೆಯಾ? 2003ರಲ್ಲಿ 501 ರೂಪಾಯಿಗೆ ರಿಲಯನ್ಸ್ ಮೊಬೈಲ್ ಬಂದಾಗ ಊರಿಗೆ ಊರೇ ತಗೊಂಡಿತ್ತು. ಆ ಫೋನಿನಲ್ಲಿ ಬೇರೆ ಕಂಪನಿ ಓಡುವ ಮಾತೇ ಇಲ್ಲ. 2008ರ ಆಗಸ್ಟಿನಲ್ಲಿ ಏರ್‌ಟೆಲ್, ವೊಡಾಫೋನ್ ಐಫೋನ್ 3ಜಿ ತಂದವು. 31,000 ರೂಪಾಯಿ ಪೂರ್ತಿ ಎಣಿಸಿದರೂ ಲಾಕ್! ಈಗ ಇಲ್ಲಿ ಮಾರುವ ಸ್ಮಾರ್ಟ್‌ಫೋನಿಗೆ ಯಾವ ಸಿಮ್ ಆದರೂ ಸಾಮಾನ್ಯವಾಗಿ ಹಿಡಿಯುತ್ತದೆ. ಅದಕ್ಕೇ ಹೊರಗಿನ ಫೋನ್ ಕೈಗೆ ಬಂದಾಗ ನಾವು ಸುಮ್ನೆ ನಂಬಿಬಿಡುತ್ತೇವೆ.

ಗಲ್ಫಿನಿಂದ ಸ್ಯಾಮ್‌ಸಂಗ್ ತರುವವರಿಗೆ ಒಂದು ಮಾತು. ಅದರಲ್ಲಿ ಕಂಪನಿಯ ಲಾಕ್ ಅಲ್ಲ, ಪ್ರದೇಶದ ಲಾಕ್ ಇರಬಹುದು: ಮೊದಲು ಆ ಭಾಗದ ಸಿಮ್ ಬಳಸದಿದ್ದರೆ ಬೇರೆ ಕಡೆಯ ಸಿಮ್ ಹಿಡಿಯುವುದಿಲ್ಲ. ಡಬ್ಬದ ಮೇಲಿನ ಸ್ಟಿಕ್ಕರ್ ಓದಿ. ಅಲ್ಲಿನ ಸಿಮ್ ಹಾಕಿ ಒಟ್ಟು ಐದು ನಿಮಿಷ ಮಾತಾಡಿದರೆ ತೆರೆದುಕೊಳ್ಳುತ್ತದೆ. ವಿಮಾನ ಹತ್ತುವ ಮೊದಲು ಹೆಂಡತಿಗೋ ಅಮ್ಮನಿಗೋ ಒಂದು ಫೋನ್ ಮಾಡಿ, ಸಾಕು.

ಇನ್ನು ಆ 2,500. ಬಿಲ್ ಇರಲಿಲ್ಲ, ಆದರೆ ತಮ್ಮ ಯುಪಿಐಯಲ್ಲಿ ಕೊಟ್ಟಿದ್ದ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಬಿಲ್ ಕೊಡದಿರುವುದೇ ಒಂದು ಅನ್ಯಾಯದ ವ್ಯಾಪಾರ. ಚಿಪ್ ಇಟ್ಟು ಅನ್‌ಲಾಕ್ ಅಂತ ಹೇಳಿ ದುಡ್ಡು ತಗೊಳ್ಳುವುದಂತೂ ಕೇಳಲೇಬೇಡಿ. ತಮ್ಮ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ. ಲ್ಯಾಮಿಂಗ್ಟನ್ ರೋಡಿನ ಬಿಲ್ಲಿನ ಫೋಟೋ ಮತ್ತು ದೂರಿನ ನಂಬರನ್ನು ಮಾರ್ಕೆಟಿನವನಿಗೆ ತೋರಿಸಿದ. ಅರ್ಧ ದುಡ್ಡು ವಾಪಸ್ ಬಂತು. ಉಳಿದರ್ಧಕ್ಕೆ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದ ಒಳಗಿನದ್ದಕ್ಕೆ ಫೀಸೂ ಇಲ್ಲ. ಆದರೆ ಮದುವೆ ಸೀಸನ್ ಶುರುವಾಗಿತ್ತು. ತಮ್ಮ ಹೋಗಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಅಂಗಡಿಯ ಕೊರತೆಗಳೂ ಇವೆ. ಕೂರಲು ಒಂದೇ ಸ್ಟೂಲ್, ಅದರ ಮೇಲೂ ಯಾವಾಗಲೂ ಯಾರದೋ ಲ್ಯಾಪ್‌ಟಾಪ್. ಫೋನಿನಲ್ಲಿ ರೇಟ್ ಕೇಳಿದರೆ ಹೇಳುವುದಿಲ್ಲ, ತಗೊಂಡು ಬನ್ನಿ ಅನ್ನುತ್ತಾರೆ. ಡಿಸ್‌ಪ್ಲೇ ಬದಲಾಯಿಸುವ ರೇಟು ನಮ್ಮ ಡೊಂಬಿವಲಿಗಿಂತ ಜಾಸ್ತಿ. ಭಾನುವಾರ ಬಂದ್. ಸೆಂಟ್ರಲ್ ಲೈನಿನವರು ದಾದರಿನಲ್ಲಿ ಇಳಿದು ವೆಸ್ಟರ್ನಿನ ಸ್ಲೋ ಹಿಡಿಯಿರಿ. ಕಾರು ತರಬೇಡಿ, ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅಂಗಡಿಯೇ ಮುಚ್ಚುತ್ತದೆ.

ಐದನೇ ಸ್ಟಾರ್ ಕಟ್ ಮಾಡಿದ್ದು ಇದಕ್ಕಲ್ಲ. ಟೆಂಪರ್ಡ್ ಗ್ಲಾಸ್ ಹಾಕಲು ಅವರ ಹುಡುಗನ ಕೈಗೆ ಮಾತ್ರ ಕೊಡಬೇಡಿ. ತಮ್ಮನ ಫೋನಿಗೆ ಸೊಟ್ಟ ಅಂಟಿಸಿ, ಒಳಗೆ ಒಂದು ಕೂದಲನ್ನೂ ಬಿಟ್ಟಿದ್ದಾನೆ.