ಬ್ರಿಟನ್ ವೀಸಾ: 70 ಅಂಕ ಎಲ್ಲದಕ್ಕೂ ಬೇಕು, ಜುಟ್ಟು ಮಾತ್ರ ಬೇರೆ ಬೇರೆ ಕೈಯಲ್ಲಿ

ಅಂಕ ಆಧಾರಿತ ವಲಸೆ ಪದ್ಧತಿ ಎಂದೊಡನೆ, ಸಿಇಟಿಯಂತೆ ಹೆಚ್ಚು ಅಂಕ ಬಂದವರಿಗೆ ಮೊದಲ ಸೀಟು ಎಂದುಕೊಳ್ಳುವವರೇ ಬಹಳ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಆ ಮಾತು ಸಲ್ಲುತ್ತದೆ. ಅಲ್ಲಿ ವಯಸ್ಸು, ಓದು, ಭಾಷೆ, ಅನುಭವಗಳನ್ನು 1,200 ಅಂಕಗಳಿಗೆ ಅಳೆದು ಮೇಲಿನವರನ್ನು ಕರೆಯುತ್ತಾರೆ. ಬ್ರಿಟನ್ನಿನ ಪದ್ಧತಿ 2008ರಲ್ಲಿ ಆರಂಭವಾಗಿ 2020ರ ಕೊನೆಯಲ್ಲಿ ಈಗಿನ ರೂಪಕ್ಕೆ ಬಂತು. ಇಲ್ಲಿ 70 ಅಂಕ ತುಂಬಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹೆಚ್ಚುವರಿ ಅಂಕಕ್ಕೆ ಕಾಸಿನ ಬೆಲೆಯೂ ಇಲ್ಲ. ಓದಲು ಬರುವವರ ಸ್ಟೂಡೆಂಟ್, ಓದು ಮುಗಿಸಿ ಇಲ್ಲೇ ಉಳಿದು ದುಡಿಯುವವರ ಗ್ರಾಜುಯೇಟ್, ಉದ್ಯೋಗದಾತರ ಮೂಲಕ ಸಿಗುವ ಸ್ಕಿಲ್ಡ್ ವರ್ಕರ್ ಮೂರೂ ವೀಸಾಗಳಲ್ಲಿ ಬದುಕಿದ ಮೇಲೆ ನನಗನ್ನಿಸುವುದು ಇಷ್ಟು: ಇವುಗಳನ್ನು ಅಂಕದ ಪಟ್ಟಿ ಹಿಡಿದು ಹೋಲಿಸಬೇಡಿ. ನಮ್ಮ ಜುಟ್ಟು ಯಾರ ಕೈಯಲ್ಲಿರುತ್ತದೆ ಎಂದು ನೋಡಿ.

ಸ್ಟೂಡೆಂಟ್ ವೀಸಾದಲ್ಲಿ ಅದು ವಿಶ್ವವಿದ್ಯಾಲಯದ ಕೈಯಲ್ಲಿ. 70ರಲ್ಲಿ 50 ಅಂಕ ಬರುವುದು ಅವರು ಕೊಡುವ ಪ್ರವೇಶ ದೃಢೀಕರಣದಿಂದ, ಅಂದರೆ ಎಲ್ಲರೂ 'ಕ್ಯಾಸ್' ಎನ್ನುವ ಸಂಖ್ಯೆಯಿಂದ. ಉಳಿದ 20ರಲ್ಲಿ ಇಂಗ್ಲಿಷಿಗೆ 10, ಹಣಕ್ಕೆ 10. ನೋಡಲು ಸಣ್ಣದಾದ ಈ ಹಣದ 10 ಅಂಕವೇ ನಮ್ಮವರ ನಿದ್ದೆಗೆಡಿಸುವುದು. ಕೋರ್ಸಿನ ಬಾಕಿ ಶುಲ್ಕದ ಜೊತೆಗೆ ಜೀವನ ವೆಚ್ಚವನ್ನೂ ಒಂಬತ್ತು ತಿಂಗಳ ಮಿತಿಯವರೆಗೆ ತೋರಿಸಬೇಕು. 2025ರ ನವೆಂಬರ್‌ನಿಂದ ಇದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್. ಆ ಮೊತ್ತ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿನಿಂದ. ನಮ್ಮ ಮನೆಯಲ್ಲಿ ಹಣವಿದ್ದದ್ದು ಅಪ್ಪನ ಖಾತೆಯಲ್ಲಿ. ಅದಕ್ಕೂ ಅವಕಾಶವಿದೆ, ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಜೊತೆಗಿದ್ದರೆ ಸಾಕು. ಆದರೆ ಅಷ್ಟು ದಿನ ಅಪ್ಪ ಆ ಖಾತೆಯ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬ್ಯಾಂಕಿನಿಂದ ಶಿಕ್ಷಣ ಸಾಲ ಮಂಜೂರಾದವರಿಗೆ ಈ 28 ದಿನಗಳ ಕಾಟವಿಲ್ಲ. ಆ ಮಟ್ಟಿಗೆ ಸಾಲಗಾರರೇ ಸುಖಿಗಳು.

ಬಂದ ಮೇಲಿನ ಕಟ್ಟುಪಾಡು ದುಡಿಮೆಯದು. ಪದವಿ ಮಟ್ಟದ ಕೋರ್ಸಿನಲ್ಲಿ ಓದಿನ ಅವಧಿಯ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ 12, ಮುಂದಿನ ವಾರ 28 ಎಂದು ಸರಿದೂಗಿಸುವಂತಿಲ್ಲ. ಮಾಸ್ಟರ್ಸ್ ಓದುವವರು ಇನ್ನೊಂದನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ತರಗತಿಗಳು ಮುಗಿದು ಕ್ಯಾಂಪಸ್ ಖಾಲಿಯಾಗಿರುತ್ತದೆ, ಅಂಗಡಿಯ ಮ್ಯಾನೇಜರು ಪೂರ್ಣಾವಧಿಗೆ ಬಾ ಎಂದು ಕರೆಯುತ್ತಿರುತ್ತಾರೆ. ಆದರೆ ಪ್ರಬಂಧ ಬರೆಯುವ ಆ ತಿಂಗಳುಗಳೂ ಓದಿನ ಅವಧಿಯೇ, ಮಿತಿ ಆಗಲೂ 20 ಗಂಟೆಯೇ. ಸ್ವಂತ ವ್ಯವಹಾರವಂತೂ ಪೂರ್ತಿ ನಿಷಿದ್ಧ. ಕುಟುಂಬದ ಬಾಗಿಲೂ ಈಗ ಮುಚ್ಚಿದೆ. 2023ರಲ್ಲಿ ನನ್ನ ತರಗತಿಯಲ್ಲಿದ್ದ ಒಬ್ಬರು ಹೆಂಡತಿ, ಮಗುವಿನೊಂದಿಗೆ ಬಂದಿದ್ದರು. 2024ರ ಜನವರಿ 1ರಿಂದ ಆರಂಭವಾದ ಕೋರ್ಸುಗಳಿಗೆ ಆ ಅವಕಾಶ ಹೆಚ್ಚುಕಡಿಮೆ ಪಿಎಚ್‌ಡಿ ಮತ್ತು ಸಂಶೋಧನಾ ಕೋರ್ಸಿನವರಿಗಷ್ಟೇ ಉಳಿದಿದೆ.

ಗ್ರಾಜುಯೇಟ್ ವೀಸಾಕ್ಕೆ ಬಂದರೆ ಜುಟ್ಟು ನಮ್ಮ ಕೈಗೇ ಬರುತ್ತದೆ, ತಾತ್ಕಾಲಿಕವಾಗಿ. ಕೋರ್ಸು ಮುಗಿಸಿದ್ದಕ್ಕೇ 70 ಅಂಕವೂ ಒಂದೇ ಬಾರಿಗೆ ಸಿಗುತ್ತದೆ. ಹಣ ತೋರಿಸಬೇಕಿಲ್ಲ, ಕೆಲಸದ ಪತ್ರ ಬೇಕಿಲ್ಲ, ಸಂಬಳದ ಮಿತಿಯಿಲ್ಲ. ಎರಡು ಕಡೆ ದುಡಿಯಬಹುದು, ಸ್ವಂತ ವ್ಯವಹಾರ ಮಾಡಬಹುದು, ಕೆಲಸವಿಲ್ಲದೆ ಸುಮ್ಮನೆ ಕೂತರೂ ಕೇಳುವವರಿಲ್ಲ. ಖರ್ಚು ಮಾತ್ರ ಬಲವಾಗಿದೆ. ಅರ್ಜಿ ಶುಲ್ಕ 2025ರ ಏಪ್ರಿಲ್‌ನಲ್ಲಿ 880 ಪೌಂಡಿಗೆ ಏರಿತು. ಅದರ ಮೇಲೆ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಶುಲ್ಕವನ್ನು ವೀಸಾದ ಇಡೀ ಅವಧಿಗೂ ಮುಂಗಡವಾಗಿ ಕಟ್ಟಬೇಕು. ಓದು ಮುಗಿದು ಕೈ ಬರಿದಾಗಿರುವ ಹೊತ್ತಿಗೇ ಈ ಬಿಲ್ಲು ಬರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಉದ್ಯೋಗದ ಅರ್ಜಿಗಳಲ್ಲಿದೆ. 'ಈಗ ಅಥವಾ ಮುಂದೆ ನಿಮಗೆ ಪ್ರಾಯೋಜಕತ್ವ ಬೇಕಾಗುತ್ತದೆಯೇ?' ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಪ್ರಾಯೋಜಕತ್ವ ಎಂದರೆ ನಮ್ಮ ವೀಸಾಕ್ಕೆ ಉದ್ಯೋಗದಾತರು ಹೊಣೆ ಹೊರುವುದು. 'ಈಗ' ಎಂಬುದಕ್ಕೆ ಬೇಡ, 'ಮುಂದೆ' ಎಂಬುದಕ್ಕೆ ಬೇಕು. ಟಿಕ್ ಹಾಕುವ ಚೌಕ ಮಾತ್ರ ಒಂದೇ. ಒಂದು ಸಂಸ್ಥೆ ಮೂರು ಸುತ್ತು ಸಂದರ್ಶನ ಮುಗಿಸಿ, ಕೊನೆಗೆ ಈ ಚೌಕ ನೋಡಿ ನನ್ನನ್ನು ಬಿಟ್ಟಿತು. ಮೊದಲೇ ನೋಡಿದ್ದರೆ ಇಬ್ಬರ ಹೊತ್ತೂ ಉಳಿಯುತ್ತಿತ್ತು. ಮೇಲಾಗಿ ಈ ವೀಸಾವನ್ನು ವಿಸ್ತರಿಸಲು ಬರುವುದಿಲ್ಲ. ಇದರಲ್ಲಿ ಕಳೆದ ಕಾಲ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಇಲ್ಲಿ ಕಾಯಂ ಆಗಿ ನೆಲೆಸುವ ಹಕ್ಕಿಗೆ ಎಣಿಸುವ ವರ್ಷಗಳ ಲೆಕ್ಕಕ್ಕೂ ಸೇರುವುದಿಲ್ಲ.

ಸ್ಕಿಲ್ಡ್ ವರ್ಕರ್‌ನಲ್ಲಿ ಅಂಕಗಳ ಲೆಕ್ಕ ನಿಜವಾಗಿಯೂ ಲೆಕ್ಕ ಎನಿಸುತ್ತದೆ. ಪರವಾನಗಿ ಪಡೆದ ಉದ್ಯೋಗದಾತರಿಂದ ಕೆಲಸಕ್ಕೆ 20, ಕೆಲಸದ ಮಟ್ಟಕ್ಕೆ 20, ಇಂಗ್ಲಿಷಿಗೆ 10, ಉಳಿದ 20 ಸಂಬಳಕ್ಕೆ. 2025ರ ಜುಲೈ 22ರಿಂದ ಕೆಲಸ ಸಾಮಾನ್ಯವಾಗಿ ಪದವಿ ಮಟ್ಟದ್ದಾಗಿರಬೇಕು, ಸಂಬಳ ವರ್ಷಕ್ಕೆ 41,700 ಪೌಂಡ್ ಅಥವಾ ಆ ವೃತ್ತಿಗೆ ಗೊತ್ತುಮಾಡಿದ ದರ, ಯಾವುದು ಹೆಚ್ಚೋ ಅಷ್ಟು. ಸ್ಟೂಡೆಂಟ್ ಅಥವಾ ಗ್ರಾಜುಯೇಟ್ ವೀಸಾದಿಂದ ಬದಲಾಗುವವರನ್ನು 'ನ್ಯೂ ಎಂಟ್ರಂಟ್' ಎಂದು ಎಣಿಸಿ ರಿಯಾಯಿತಿ ಕೊಡುತ್ತಾರೆ: 33,400 ಪೌಂಡ್ ಅಥವಾ ವೃತ್ತಿ ದರದ ಶೇ 70, ಇಲ್ಲಿಯೂ ಹೆಚ್ಚಿನದೇ ಲೆಕ್ಕ. ನಾನು ದಾಟಿದ್ದು ಈ ರಿಯಾಯಿತಿಯಲ್ಲಿ. ಇದಕ್ಕೆ ನಾಲ್ಕು ವರ್ಷಗಳ ಮಿತಿಯಿದೆ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರೊಳಗೇ ಸೇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಸಂದರ್ಶನಕ್ಕೆ ಮುನ್ನ ನಿಮ್ಮ ಕೆಲಸದ ನಾಲ್ಕಂಕಿಯ ವೃತ್ತಿ ಸಂಕೇತ ಯಾವುದೆಂದು ಹುಡುಕಿಟ್ಟುಕೊಳ್ಳಿ. ಹೆಸರು ಹತ್ತಿರವಿರುವ ಎರಡು ಹುದ್ದೆಗಳ ದರದಲ್ಲಿ ಸಾವಿರಾರು ಪೌಂಡುಗಳ ಅಂತರವಿರಬಹುದು. ಪ್ರಾಯೋಜಕರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ, ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಿಮಗೆ ವೀಸಾ ಕೊಡಿಸುತ್ತಾರೆ ಎಂದಲ್ಲ. ಇಲ್ಲಿ ಜುಟ್ಟು ಪೂರ್ತಿಯಾಗಿ ಉದ್ಯೋಗದಾತರ ಕೈಯಲ್ಲಿ. ಕಂಪನಿ ಬದಲಿಸಬೇಕೆಂದರೆ ಹೊಸ ಅರ್ಜಿ ಹಾಕಬೇಕು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರೊಳಗೆ ಹೊಸ ಪ್ರಾಯೋಜಕರು ಸಿಗಬೇಕು. ಸಂಬಳ ಹೆಚ್ಚಿಸಿ ಎಂದು ಕೇಳುವಾಗ ದನಿ ತಾನಾಗಿಯೇ ತಗ್ಗುತ್ತದೆ.

ಭಾರತೀಯರಿಗೆ ಲಾಟರಿಯ ಮೂಲಕ ಬ್ರಿಟನ್ ವೀಸಾ ಸಿಗುವ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಯೋಜನೆಗೂ ನಾನು ಹೆಸರು ಹಾಕಿದ್ದೆ, ಸಿಗಲಿಲ್ಲ. 18ರಿಂದ 30 ವಯಸ್ಸಿನ ಪದವೀಧರರಿಗೆ ಎರಡು ವರ್ಷ, ಪ್ರಾಯೋಜಕರ ಹಂಗಿಲ್ಲ, ಹೆಸರು ಹಾಕಲು ಹಣವೂ ಬೇಡ. ಹಾಕಿ ಮರೆತುಬಿಡಿ, ಅದನ್ನೇ ನಂಬಿ ಕೆಲಸ ಬಿಡಬೇಡಿ.

ನನ್ನ ಮಟ್ಟಿಗೆ ಗ್ರಾಜುಯೇಟ್ ವೀಸಾದ ಬದುಕೇ ಹಗುರವಾಗಿತ್ತು. ಆದರೂ ಇಲ್ಲೇ ನೆಲೆಸುವ ಇರಾದೆಯಿದ್ದು ಪ್ರಾಯೋಜಕರು ಸಿಕ್ಕಿದರೆ, ಅದರ ಅವಧಿ ಮುಗಿಯುವವರೆಗೆ ಕಾಯದೆ ಸ್ಕಿಲ್ಡ್ ವರ್ಕರ್‌ಗೆ ದಾಟಿಬಿಡಿ ಎಂದೇ ಹೇಳುತ್ತೇನೆ. ಈಗ ಮಾಸ್ಟರ್ಸ್ ಓದುತ್ತಿರುವವರಿಗೆ ಇನ್ನೊಂದು ಆತುರವಿದೆ. 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ ಗ್ರಾಜುಯೇಟ್ ವೀಸಾ ಎರಡು ವರ್ಷದ ಬದಲು 18 ತಿಂಗಳಿಗೆ ಇಳಿಯುತ್ತದೆ. ಪಿಎಚ್‌ಡಿಯವರಿಗೆ ಮಾತ್ರ ಮೂರು ವರ್ಷ ಹಾಗೆಯೇ ಉಳಿಯುತ್ತದೆ. ಲೆಕ್ಕಕ್ಕೆ ಬರುವುದು ಕೋರ್ಸು ಮುಗಿದ ದಿನವಲ್ಲ, ಅರ್ಜಿ ಹಾಕಿದ ದಿನ. ನೀವು ಕೋರ್ಸು ಮುಗಿಸಿದ್ದೀರಿ ಎಂದು ವಿಶ್ವವಿದ್ಯಾಲಯ ಗೃಹ ಇಲಾಖೆಗೆ ತಿಳಿಸದ ಹೊರತು ಆ ಅರ್ಜಿ ಹಾಕುವಂತಿಲ್ಲ. ಹಾಗಾಗಿ ಪ್ರಬಂಧ ಸಲ್ಲಿಸಿದ ವಾರವೇ ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗಕ್ಕೆ ಬರೆದು, ಆ ವರದಿ ಯಾವ ದಿನ ಹೋಗುತ್ತದೆ ಎಂದು ಕೇಳಿ.